ನಾಬೋತನ ತೋಟವೂ ನೆರೆಯವನ ಹೊಲವೂ



ಅರಸುಗಳ ಮೊದಲನೆಯ ಪುಸ್ತಕದ 21ನೆಯ ಅಧ್ಯಾಯವನ್ನು ನಾವು ಅನೇಕ ಸಾರಿ ಓದಿರುತ್ತೇವೆ. ಅಹಾಬನು ಅರಮನೆಯ ಪಕ್ಕದಲ್ಲಿದ್ದ ನಾಬೋತನ ದ್ರಾಕ್ಷೇತೋಟವನ್ನು ಕಾಯಿಪಲ್ಯ ಬೆಳೆಯುವದಕ್ಕಾಗಿ ಕೇಳಿ, ಬದಲು ತೋಟವನ್ನಾದರೂ ಹಣವನ್ನಾದರೂ ಕೊಡುವೆನೆಂದನು. ನಾಬೋತನು ಒಪ್ಪಲಿಲ್ಲ. ಯಾಕಂದರೆ ಪಿತೃಗಳಿಂದ ಬಂದ ಭೂಮಿಯು ಅವನಿಗೆ ಮಾರತಕ್ಕ ಸರಕಲ್ಲ, ದೇವರು ಒಪ್ಪಿಸಿದ ಸ್ವಾಸ್ತ್ಯವು.

ಈ ಸಂಗತಿಯು ನಮ್ಮ ಸೀಮೆಗೆ ದೂರವಾದದ್ದಲ್ಲ. ಹೆಬ್ಬಾಳ ಯಲಹಂಕಗಳ ಸುತ್ತ ರಾಗಿ ಬೆಳೆದ ಎಷ್ಟೋ ಹೊಲಗಳಲ್ಲಿ ಈಗ ಮನೆಗಳ ಸಾಲುಗಳು ನಿಂತಿವೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಲಾಗಿ, ನೆಲದ ಬೆಲೆಯು ಬಹಳವಾಗಿ ಏರಿತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೋಸ್ಕರ 1,777 ಎಕರೆ ತೆಗೆದುಕೊಳ್ಳುವ ಯೋಚನೆಯನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಕ್ಕೆ ಮೀರಿ ಧರಣಿ ಕೂತರು. 2025ನೆಯ ಜುಲೈ 15ರಂದು ಸರಕಾರವು ಆ ಯೋಚನೆಯನ್ನು ಕೈಬಿಟ್ಟೆವೆಂದು ಪ್ರಕಟಿಸಿತು. ಆದರೆ ಮನಃಪೂರ್ವಕವಾಗಿ ಕೊಡುವವರಿಂದ ಹೆಚ್ಚಿನ ಬೆಲೆಗೆ ಕೊಂಡುಕೊಳ್ಳುವೆವೆಂದೂ ತಿಳಿಸಿತು. ಹೀಗೆ ಮಾರಬೇಕೋ ಉಳಿಸಬೇಕೋ ಎಂಬುದನ್ನು ಇನ್ನು ಒಂದೊಂದು ಕುಟುಂಬವೇ ತೀರ್ಮಾನಿಸಬೇಕಾಗಿದೆ.

ಭೂಮಿಯನ್ನು ಮಾರಿದವನನ್ನು ನಾವು ದೂಷಿಸಬಾರದು. ಸಾಲವೂ ರೋಗವೂ ಅವನನ್ನು ಹಿಂಡಿರಬಹುದು. ಅವನ ಸೊಪ್ಪಿಗೆ ಗಾಡಿಯ ಬಾಡಿಗೆಯೂ ಹುಟ್ಟದೆ ಇದ್ದಾಗ ಕೊಂಡುಕೊಂಡವರು ನಮ್ಮಲ್ಲಿ ಯಾರು? ಅನುದಿನದ ಆಹಾರಕ್ಕಾಗಿ ಪ್ರಾರ್ಥಿಸುವ ನಾವು, ಆ ಪ್ರಾರ್ಥನೆಗೆ ಉತ್ತರವಾಗಿ ನೆರೆಯ ಹೊಲದಲ್ಲಿ ಬೆಳೆದದ್ದನ್ನು ದಾಟಿ ದೂರದಿಂದ ಬಂದದ್ದನ್ನು ಕೊಳ್ಳುವದು ಸರಿಯೋ? ಉಳುವವನು ಮಾತ್ರವಲ್ಲ, ಉಣ್ಣುವವನೂ ಭೂಮಿಯನ್ನು ಕಾಯುತ್ತಾನೆ.

ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತಿದರು. ಮಳೆ ತಪ್ಪಿ ಒಂದು ಕೆಟ್ಟರೆ ಇನ್ನೊಂದು ಮನೆಯನ್ನು ಕಾಪಾಡುತ್ತಿತ್ತು. ಸಭೆಯೂ ಹಾಗೆಯೇ ಇರತಕ್ಕದ್ದು. ಬೆಂಗಳೂರಿನ ದ್ರಾಕ್ಷೇ ಬೆಳೆಗಾರರು 1959ರಲ್ಲಿ ಕೂಡಿಕೊಂಡು ಕಟ್ಟಿದ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಒಬ್ಬೊಬ್ಬನಿಂದಾಗದ್ದು ಕೂಡಿದವರಿಂದಾಯಿತು.

ಆದಕಾರಣ, ಶನಿವಾರದ ಸಾಯಂಕಾಲಗಳಲ್ಲಿ ದೇವಾಲಯದ ಅಂಗಳದಲ್ಲಿ ನಮ್ಮವರ ಸೊಪ್ಪು, ಕಾಳು, ರಾಗಿಗಳನ್ನು ಮಾರುವ ಏರ್ಪಾಡು ಮಾಡೋಣ. ಬೆಳೆದವನು ಕೊಳೆತದ್ದನ್ನು ಅಡಿಯಲ್ಲಿ ಬಚ್ಚಿಡದಿರಲಿ. ಕೊಳ್ಳುವವನು ಬಡವನ ಶ್ರಮವನ್ನು ಚೌಕಾಸಿಯಿಂದ ಕಡಿಮೆಮಾಡದಿರಲಿ. ತ್ರಾಸು ಸಮವಾಗಿರುವ ಕಡೆ ದೇವರು ಸಾಕ್ಷಿಯಾಗಿರುತ್ತಾನೆ. ನಾಬೋತನು ಒಂಟಿಯಾಗಿ ನಿಂತನು. ಅವನ ಪಟ್ಟಣದ ಹಿರಿಯರು ಅವನನ್ನು ಕೈಬಿಟ್ಟರು. ನಮ್ಮ ಊರಿನ ನಾಬೋತನು ಒಂಟಿಯಾಗದಂತೆ ಕರ್ತನು ನಮ್ಮನ್ನು ಎಚ್ಚರಿಸಲಿ. ಆಮೆನ್.