ಅರಿವೂ ಆಚಾರವೂ
ಆಟಕ್ಕೆಂದೇ ರಚಿತವಾದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ ಎಷ್ಟೇ ಬಲವುಳ್ಳದ್ದಾದರೂ, ವಿಂಡೋಸಿನ ಆಣತಿಯನ್ನು ಅದಕ್ಕೆ ತಿಳಿಯಪಡಿಸುವುದು ಡ್ರೈವರೆಂಬ ತಂತ್ರಾಂಶವೇ. ಇದು ಹಳತಾದರೆ ಹೊಸ ಆಟದ ಚಿತ್ರ ತಡವರಿಸಬಹುದು, ಆಟವೇ ನಿಂತುಹೋಗಬಹುದು. ಆಗ ಯಂತ್ರವನ್ನು ಹಳಿದು ಹೊಸತನ್ನು ಕೊಳ್ಳಹೊರಡುವವನು ಅವಿಚಾರಿ. ವಿವೇಕಿಯಾದವನು ಮೊದಲು ರಿಸ್ಟೋರ್ ಪಾಯಿಂಟ್ ಇರಿಸಿಕೊಂಡು, ತನ್ನ ಮಾದರಿಗೆ ತಕ್ಕ ಡ್ರೈವರನ್ನು ತಯಾರಕರ ತಾಣದಿಂದಲೇ ಪಡೆದು ಅಳವಡಿಸುತ್ತಾನೆ. ಹೊಸತು ಹೊಂದದಿದ್ದರೆ ಡಿವೈಸ್ ಮ್ಯಾನೇಜರಿನ ಮೂಲಕ ಹಿಂದಿನದಕ್ಕೆ ಮರಳುತ್ತಾನೆ.

ಭಕ್ತನ ಬಾಳೂ ಹೀಗೆಯೇ. ಅಂತರಂಗದಲ್ಲಿ ಅರಿವಿದ್ದರೂ ಅದನ್ನು ಕ್ರಿಯೆಗಿಳಿಸುವ ಆಚಾರ ಜಡವಾದರೆ ಆ ಅರಿವು ನಿಷ್ಫಲ. 12ನೆಯ ಶತಮಾನದ ಶರಣರು ಇವೆರಡನ್ನೂ ಅಗಲಿಸಲಿಲ್ಲ. ಕಾಯವನ್ನು ಹಳಿಯದೆ, ದೈವವನ್ನು ದೂರದೆ, ತಪ್ಪಿದ ಹೆಜ್ಜೆಯಿಂದ ಹಿಂತಿರುಗಲು ನಾಚದೆ, ತನ್ನ ನಡೆಯನ್ನು ದಿನದಿನವೂ ತಿದ್ದಿಕೊಳ್ಳುವವನೇ ಶರಣಪಥಕ್ಕೆ ಯೋಗ್ಯನು.