ಮಿಕ್ಕಿದ್ದು ಯಾರದು?

ಹೋದ ಡಿಸೆಂಬರ್‌ನಲ್ಲಿ ಚಿಕ್ಕಪ್ಪ ಕಡ್ಲೇಕಾಯಿ ಮಾರಿದ ದುಡ್ಡಲ್ಲಿ 50,000 ರೂಪಾಯಿ ಎಣಿಸಿ ನನ್ನ ಕೈಗಿಟ್ಟರು. "ನಿನ್ನ ತಮ್ಮನಿಗೆ ಕಂಪ್ಯೂಟ್ರು ಬೇಕಂತೆ. ನೀನು ಆ ಫೀಲ್ಡಲ್ಲೇ ಇದ್ದೀಯ, ಒಳ್ಳೇದು ನೋಡಿ ಮಾಡಿಸ್ಕೊಡಪ್ಪ." ಅವರ ಊರು ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ದಾರಿಯಲ್ಲಿದೆ. ಅವರ ಮಗ ಡಿಪ್ಲೊಮಾ ಓದ್ತಾನೆ. ಗೇಮ್ ಅಂದ್ರೆ ಹುಚ್ಚು. ಜೊತೆಗೆ ಮಧುಗಿರಿಯ ಒಂದು ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಟ್ಟು ಕೈಖರ್ಚಿಗೆ ಸಂಪಾದಿಸ್ತಾನೆ.

ಬಜೆಟ್ ಪಿಸಿ ಕಟ್ಟಿದವರಿಗೆ ಗೊತ್ತು, ಅದು ಪಕ್ಕಾ ಮಧ್ಯಮ ವರ್ಗದ ಮದುವೆ ಲೆಕ್ಕ. ಒಂದು ಕಡೆ ಜಾಸ್ತಿ ಮಾಡಿದ್ರೆ ಇನ್ನೊಂದು ಕಡೆ ಕತ್ತರಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎರಡು ಶನಿವಾರ ಓಡಾಡಿದೆ. ರೈಜನ್ 5 5600 ಪ್ರೊಸೆಸರ್, ಆರು ಕೋರ್. ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. 16 ಜಿಬಿ ರ‍್ಯಾಮ್. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜುಗ್ಗತನ ಮಾಡಲಿಲ್ಲ. ಮಾನಿಟರ್ ನನ್ನ ಹಳೇದೇ ಕೊಟ್ಟೆ.

ಕೊನೆಗೆ ಉಳಿದದ್ದು ಒಂದು ಸಣ್ಣ ತೀರ್ಮಾನ. ಮದರ್‌ಬೋರ್ಡ್ ಎ520 ತಗೊಂಡ್ರೆ ಸ್ವಲ್ಪ ದುಡ್ಡು ಉಳಿಯುತ್ತೆ, ಆ ದುಡ್ಡಿಗೆ ಒಳ್ಳೆ ಕೂಲರ್ ಬರುತ್ತೆ. ಆದರೆ ಆ ಬೋರ್ಡಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋಕೆ ಆಗಲ್ಲ. ಬಿ450ರಲ್ಲಿ ಆಗುತ್ತೆ. ನಾನು ಬಿ450 ತಗೊಂಡೆ. ಕೂಲರ್, ಡಬ್ಬದ ಜೊತೆ ಪುಕ್ಕಟೆ ಬಂದ ಪುಟ್ಟ ಫ್ಯಾನೇ ಸಾಕು ಅಂದುಕೊಂಡೆ.

ಓವರ್‌ಕ್ಲಾಕಿಂಗ್ ಅಂದ್ರೆ ಚಿಪ್‌ಗೆ ಕಂಪನಿ ಬರೆದ ವೇಗಕ್ಕಿಂತ ಹೆಚ್ಚು ಓಡಿಸೋದು. ಕಂಪನಿಯವರು ಯಾವಾಗಲೂ ಸ್ವಲ್ಪ ಮಾರ್ಜಿನ್ ಬಿಟ್ಟಿರ್ತಾರೆ. ಕೆಟ್ಟ ಕರೆಂಟಿಗೆ, ಸೆಕೆಗೆ, ಧೂಳಿಗೆ, ಚಿಪ್‌ನಿಂದ ಚಿಪ್‌ಗೆ ಇರೋ ವ್ಯತ್ಯಾಸಕ್ಕೆ ಅಂತ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂದಾಗ 300 ಮೆಗಾಹರ್ಟ್ಸ್ ಚಿಪ್ಪನ್ನು ಹುಡುಗರು 450ಕ್ಕೆ ಓಡಿಸಿ, ದುಬಾರಿ ಚಿಪ್‌ಗಳ ಜೊತೆ ಪೈಪೋಟಿ ಮಾಡಿಸಿಬಿಟ್ಟರು. ಟೂತ್‌ಪೇಸ್ಟ್ ಟ್ಯೂಬ್ ಕತ್ತರಿಸಿ ಒಳಗಿಂದ ಕೆರೆಯೋ ಜನ ನಾವು, ನಮಗೆ ಇದು ಇಷ್ಟ ಆಗದೆ ಇರುತ್ತಾ? ಮಿಕ್ಕಿದ್ದನ್ನು ಬಿಡೋದು ಅಂದ್ರೆ ನಮ್ಮ ಪಾಲಿಗೆ ಪಾಪ.

ಡಿಸೆಂಬರ್ ಚಳೀಲಿ, ನನ್ನ ಫ್ಲಾಟಲ್ಲಿ, ಪೂರ್ತಿ ಲೋಡ್‌ನಲ್ಲಿ 4.2 ಗಿಗಾಹರ್ಟ್ಸ್ ಆಸುಪಾಸು ಓಡ್ತಿದ್ದ ಚಿಪ್ಪನ್ನು 4.5ಕ್ಕೆ ಏರಿಸಿದೆ. ಅದಕ್ಕೆ ವೋಲ್ಟೇಜ್ 1.15ರಿಂದ 1.25ಕ್ಕೆ ಹೋಯ್ತು. ಒಂದು ಗಂಟೆ ಗೇಮ್ ಆಡಿ ನೋಡಿದೆ, 70ರ ಆಸುಪಾಸು ಡಿಗ್ರಿ. ಸೂಪರ್ ಅಂತ ಪ್ಯಾಕ್ ಮಾಡಿ ಕಳಿಸಿದೆ.

ಏಪ್ರಿಲ್‌ನಲ್ಲಿ ಫೋನ್ ಬಂತು. ಬಿಸಿಲು ಜೋರು, ಮದುವೆ ಸೀಸನ್ನೂ ಜೋರು. ರಾತ್ರಿಯೆಲ್ಲ ರೆಂಡರ್‌ಗೆ ಹಾಕಿದ್ದ ಮದುವೆ ವಿಡಿಯೋ ಮೂರು ಸಲ ಅರ್ಧಕ್ಕೆ ನಿಂತಿತ್ತು. ಹೇಳಿದ ದಿನಕ್ಕೆ ಕೊಡೋಕೆ ಆಗದೆ, ಸ್ಟುಡಿಯೋದವರು ಮುಂದಿನ ಎರಡು ಮದುವೆ ಬೇರೆ ಹುಡುಗನಿಗೆ ಕೊಟ್ಟಿದ್ದರು. ತಮ್ಮ ಅಂದ: "ನಾನೇ ಏನೋ ಒತ್ತಿ ಹಾಳು ಮಾಡಿಬಿಟ್ಟೆ ಅನ್ಸುತ್ತಣ್ಣ. ಅಪ್ಪಂಗೆ ಹೇಳಿಲ್ಲ."

ಅವನು ಏನೂ ಒತ್ತಿರಲಿಲ್ಲ. ಒತ್ತಿದ್ದು ನಾನು.

ಲೆಕ್ಕ ನೋಡಿ. ಚಿಪ್‌ನ ಬಿಸಿ ಹೆಚ್ಚುಕಡಿಮೆ ವೇಗಕ್ಕೆ ತಕ್ಕಂತೆ ಏರುತ್ತೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ನಾನು ಗಿಟ್ಟಿಸಿದ ವೇಗ ಶೇ. 7. ಅದಕ್ಕೆ ತೆತ್ತ ಬಿಸಿ ಸುಮಾರು ಶೇ. 27. ಗೇಮ್ ಆಡುವಾಗ ಆರೂ ಕೋರ್ ಪೂರ್ತಿ ದುಡಿಯೋದು ಅಪರೂಪ, ರೆಂಡರ್‌ನಲ್ಲಿ ಆರೂ ಗಾಣದೆತ್ತಿನ ಥರ ದುಡೀತವೆ. ಕೂಲರ್ ಕೂಡ ಕೋಣೆಯ ಗಾಳಿಯನ್ನೇ ನಂಬಿಕೊಂಡಿರೋದು. ನನ್ನ ಫ್ಲಾಟಿನ ಡಿಸೆಂಬರ್‌ಗೂ ಶೀಟಿನ ಸೂರಿನ ಅವರ ರೂಮಿನ ಏಪ್ರಿಲ್‌ಗೂ ಹದಿನೈದು ಡಿಗ್ರಿ ವ್ಯತ್ಯಾಸ. ಈ ಚಿಪ್‌ಗೆ ಎಎಂಡಿ ಹಾಕಿರೋ ಮಿತಿ 90 ಡಿಗ್ರಿ. ಕಂಪನಿ ಬಿಟ್ಟಿದ್ದ ಮಾರ್ಜಿನ್ ಇಂಥ ರೂಮಿಗೆ ಅಂತಲೇ ಇದ್ದದ್ದು. ಅದನ್ನ ನಾನು ಬೆಂಗಳೂರಲ್ಲೇ ಕೂತು ಖರ್ಚು ಮಾಡಿಬಿಟ್ಟಿದ್ದೆ.

ಶನಿವಾರ ಊರಿಗೆ ಹೋದೆ. ಬಯೋಸ್‌ಗೆ ಹೋಗಿ ಎಲ್ಲಾ ಹಳೇ ಲೆಕ್ಕಕ್ಕೆ ತಂದೆ. ರ‍್ಯಾಮ್‌ನ ಎಕ್ಸ್‌ಎಂಪಿ ಮಾತ್ರ ಆನ್ ಇಟ್ಟೆ. ಅದನ್ನ ಆನ್ ಮಾಡದಿದ್ರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡ್ತಿರುತ್ತೆ. ನನ್ನ ದುಡ್ಡಲ್ಲಿ ತಂದಿದ್ದ ಕೂಲರ್ ಕೂರಿಸಿದೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ನೋಡ್ತಾ ಇದ್ದರು. ನಾನು ಮಾಡಿದ್ದನ್ನ ಹೇಳಿದೆ. ಅವರು ನಗ್ತಾರೆ ಅಂದ್ಕೊಂಡೆ, ನಗಲಿಲ್ಲ.

"ಐದು ಎಚ್‌ಪಿ ಮೋಟ್ರು ತೆಗೆಸಿ ಏಳೂವರೆ ಬಿಡಿಸಿದ್ನಲ್ಲ, ನೆನಪೈತಾ? ಆರು ತಿಂಗಳು ಚೆನ್ನಾಗಿ ನೀರು ಬಂತು. ಆಮೇಲೆ ಪಕ್ಕದ ಹೊಲದೋರ ಬೋರು ನಿಂತೋಯ್ತು. ಮೋಟ್ರು ಸುಟ್ರೆ ನಂದು ಸುಡುತ್ತೆ, ರಿವೈಂಡಿಂಗ್ ಮಾಡಿಸ್ತೀನಿ. ಅವರ ನೀರಿಗೆ ಏನು ಮಾಡ್ಲಿ?"

ಏಕಶಿಲೆಯ ಮಧುಗಿರಿ ಬೆಟ್ಟ ನೋಡಿದವರಿಗೆ ಈ ಸೀಮೆಯ ನೆಲ ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ. ಕೆಳಗೆಲ್ಲ ಬಂಡೆ, ನೀರು ಇರೋದು ಬಂಡೆಯ ಬಿರುಕುಗಳಲ್ಲಿ. ದೊಡ್ಡ ಮೋಟ್ರು ಹೊಸ ನೀರು ಹುಟ್ಟಿಸಲ್ಲ, ಇರೋ ನೀರನ್ನ ಬೇಗ ಎಳೆಯುತ್ತೆ. ಆ ಬಿರುಕು ಯಾರ ಹೊಲದ ಕೆಳಗೆ ಹೋಗಿರುತ್ತೆ ಅನ್ನೋದು ಪಹಣಿಯಲ್ಲಿ ಬರೆದಿರಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಲ್ಲೂ ಇಲ್ಲ, ಹಾಗಾಗಿ ತಡೆಯೋಕೆ ಏನೂ ಇಲ್ಲ. ಶಿರಾ, ಕೊರಟಗೆರೆ, ಮಧುಗಿರಿ, ಪಾವಗಡ, ನಾಲ್ಕೂ ತಾಲ್ಲೂಕಿನ ಯಾವ ಜಗಲಿ ಮೇಲೆ ಕೂತರೂ ಬೋರಿನ ಮಾತು ಬಂದೇ ಬರುತ್ತೆ. ಪಾವಗಡದ ತಿರುಮಣಿ ಕಡೆ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಗೆ ಜಮೀನು ಕೊಟ್ಟು, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದು ನಿಂತಿರೋದರ ಹಿಂದೆಯೂ ಮಳೆಯಿಲ್ಲದ, ನೀರಿಲ್ಲದ ನೆಲದ ಕಥೆಯೇ ಇದೆ.

ಹಾಗಂತ ಓವರ್‌ಕ್ಲಾಕಿಂಗ್ ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ಚಿಪ್, ನನ್ನ ಟೇಬಲ್, ಸುಟ್ಟರೆ ನನ್ನ ಸಂಬಳ. ಅದು ಆಟ. ಬಡವನ ಮಟ್ಟಿಗಂತೂ ಇರೋದನ್ನ ಪೂರ್ತಿ ಬಳಸೋದು ಆಟವೂ ಅಲ್ಲ, ಬದುಕೋ ದಾರಿ. ಮಾರ್ಜಿನ್ ಮುಟ್ಟಬೇಡಿ ಅಂತ ಉಪದೇಶ ಮಾಡೋಕೆ ತಿಂಗಳ ಸಂಬಳದವನಿಗೆ ಸುಲಭ. ಚಿಕ್ಕಪ್ಪ ಆ ಮೋಟ್ರು ಹಾಕಿಸದಿದ್ದರೆ ಆ ವರ್ಷ ಅವರ ಬೆಳೆ ಒಣಗ್ತಿತ್ತು. ಅದೂ ನಿಜ.

ನನ್ನನ್ನ ಕೊರೆಯೋ ಪ್ರಶ್ನೆ ಬೇರೆ. ಖರ್ಚು ಮಾಡೋನು ಒಬ್ಬ, ಕೆಟ್ಟಾಗ ಅನುಭವಿಸೋನು ಇನ್ನೊಬ್ಬ ಆದಾಗ ಆ ಮಾರ್ಜಿನ್ ಯಾರದು? ನನಗೆ ಸಿಕ್ಕಿದ್ದು 4.5 ಅನ್ನೋ ನಂಬರು, ಅದರ ಸ್ಕ್ರೀನ್‌ಶಾಟು. ತಮ್ಮನಿಗೆ ಸಿಕ್ಕಿದ್ದು ಕೈ ತಪ್ಪಿದ ಎರಡು ಮದುವೆ, ಜೊತೆಗೆ ತಾನೇ ಹಾಳು ಮಾಡಿದೆ ಅನ್ನೋ ಭಯ. ಅವನನ್ನ ನಾನು ಒಂದು ಮಾತು ಕೇಳಿರಲಿಲ್ಲ.

ಆಫೀಸಲ್ಲೂ ಇದನ್ನೇ ಮಾಡ್ತೀನಲ್ಲ ಅನ್ನಿಸ್ತು. ಕ್ಲೈಂಟ್ ಎದುರು "ಮುಂದಿನ ವಾರ ಮುಗಿಸ್ತೀವಿ" ಅಂತ ನಾನು ಹೇಳುವಾಗ ಮುರೀತಿರೋದು ಯಾರ ಭಾನುವಾರ? ಟೀಮಿನ ಹೊಸ ಹುಡುಗಿ ಸುಸ್ತಾದಾಗ "ನಾನೇ ಸ್ಲೋ ಇರಬೇಕು ಸರ್" ಅಂದಿದ್ದಳು. ತಮ್ಮ ಆಡಿದ ಮಾತಿಗೂ ಅದಕ್ಕೂ ಏನು ವ್ಯತ್ಯಾಸ?

ಹೊರಡುವಾಗ ತಮ್ಮನಿಗೆ ಸ್ಪಷ್ಟವಾಗಿ ಹೇಳಿದೆ, ತಪ್ಪು ನಂದು ಅಂತ. ಸ್ಟುಡಿಯೋದವರಿಗೂ ಫೋನ್ ಮಾಡಿ ಹೇಳಿದೆ. ಅವರು "ಆಯ್ತು ನೋಡೋಣ" ಅಂದರು, ಅಷ್ಟೇ.

ತಮ್ಮ ಬಸ್‌ಸ್ಟಾಪ್‌ವರೆಗೂ ಬಂದ. "ಅಣ್ಣ, ಚಳಿಗಾಲದಲ್ಲಿ ಮತ್ತೆ 4.5ಕ್ಕೆ ಹಾಕ್ಲಾ?"

"ಮೆಷಿನ್ ನಿಂದು ಕಣೋ, ನೀನೇ ತೀರ್ಮಾನ ಮಾಡು," ಅಂದೆ. ಸ್ವಲ್ಪ ಯೋಚಿಸಿ ಅವನಂದ: "ಗೇಮ್‌ಗೆ ಹಾಕ್ತೀನಿ. ಮದುವೆ ವಿಡಿಯೋ ಇದ್ದಾಗ ತೆಗೀತೀನಿ. ಅದು ಬೇರೆಯೋರ ಮದುವೆ ಅಲ್ವಾ."