ಅಕ್ಕತಂಗಿಯರ ಸಿಂಹಾಸನ

ಅಮೆರಿಕದ ಲೇಖಕಿ ಕೆಂಡೇರ್ ಬ್ಲೇಕ್ 2016ರಲ್ಲಿ ತರುಣರಿಗಾಗಿ ‘ಥ್ರೀ ಡಾರ್ಕ್ ಕ್ರೌನ್ಸ್’ ಎಂಬ ಕಲ್ಪನಾರಮ್ಯ ಕಾದಂಬರಿಯೊಂದನ್ನು ಪ್ರಕಟಿಸಿದರು. ಅದರ ಫೆನ್‌ಬರ್ನ್ ದ್ವೀಪದಲ್ಲಿ ಪ್ರತಿ ತಲೆಮಾರಿಗೂ ರಾಣಿಗೆ ತ್ರಿವಳಿ ಹೆಣ್ಣುಮಕ್ಕಳು. ಹದಿನಾರು ತುಂಬಿದ ಮೇಲೆ ಅವರು ಒಬ್ಬರನ್ನೊಬ್ಬರು ಕೊಲ್ಲಬೇಕು, ಉಳಿದವಳಿಗೆ ಸಿಂಹಾಸನ. ಇಂಥ ಕಟ್ಟಳೆಯಲ್ಲಿ ಕೊಂದವಳು ಪಾಪಿಯೆ?

ಅಲ್ಲವೆನ್ನಲು ಮನಸ್ಸಾಗುತ್ತದೆ. ಕೊಲ್ಲದಿದ್ದರೆ ತಾನೇ ಸಾಯಬೇಕಲ್ಲ! ಆದರೆ ಒಂದು ವಿವರವನ್ನು ಗಮನಿಸಬೇಕು. ಆರನೆಯ ವಯಸ್ಸಿನಲ್ಲಿಯೇ ಆ ಮಕ್ಕಳನ್ನು ಅಗಲಿಸಿ ಬೇರೆ ಬೇರೆ ಕಡೆ ಬೆಳೆಸುತ್ತಾರೆ. ದ್ವೇಷವು ಸಹಜವಾಗಿದ್ದರೆ ಈ ಏರ್ಪಾಡೇಕೆ? ಕಟ್ಟಳೆಗೇ ವಾತ್ಸಲ್ಯದ ಭಯ. ಅಧಿಕಾರ ಬೇಕಾದುದು ಸಾಕಿದ ಹಿರಿಯರಿಗೆ. ರಕ್ತ ಅಂಟುವುದು ಹುಡುಗಿಯರ ಕೈಗೆ. ತಪ್ಪಿನ ಮುಕ್ಕಾಲು ಪಾಲು ಹಿರಿಯರದೆಂದೇ ನನ್ನ ಮತ. ಉಳಿದ ಕಾಲು ಪಾಲನ್ನು ಮಾತ್ರ ಯಾರ ಮೇಲೂ ಹೊರಿಸಲಾಗದು.

ಈ ಇಕ್ಕಟ್ಟು ಕಥೆಯಲ್ಲಷ್ಟೇ ಇರುವುದಲ್ಲ. 1554ರಲ್ಲಿ ಇಂಗ್ಲೆಂಡಿನ ರಾಣಿ ಮೇರಿ, ದಂಗೆಯೊಂದರಲ್ಲಿ ಕೈವಾಡವಿದೆಯೆಂಬ ಸಂಶಯದಿಂದ ಮಲತಂಗಿ ಎಲಿಜಬೆತ್‌ಳನ್ನು ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆಯಿಟ್ಟಳು. ಮುಗಿಸಿಬಿಡಬೇಕೆಂದು ಸ್ಪೇನಿನ ಕಡೆಯ ರಾಯಭಾರಿ ಒತ್ತಾಯಿಸುತ್ತಿದ್ದ. ಅದೇ ವರ್ಷ ಸಿಂಹಾಸನದ ಇನ್ನೊಬ್ಬ ಪ್ರತಿಸ್ಪರ್ಧಿ ಜೇನ್ ಗ್ರೇಯ ತಲೆ ತೆಗೆಸಿದ್ದ ಮೇರಿ, ತಂಗಿಯನ್ನು ಕೊಲ್ಲಿಸಲಿಲ್ಲ. ಸಾಕ್ಷ್ಯ ಸಾಲದೆ ಬಿಟ್ಟಳು ಎನ್ನುವವರುಂಟು. ಇರಲಿ, ಸಾಕ್ಷ್ಯವಿಲ್ಲದೆ ಕೊಲ್ಲಬಾರದೆಂದು ತೋರಿದ್ದೂ ಅರಮನೆಗಳಲ್ಲಿ ಸಾಮಾನ್ಯವಾದ ಮಾತಲ್ಲ. 1558ರಲ್ಲಿ ಮೇರಿ ತೀರಿಕೊಂಡಾಗ ಪಟ್ಟವೇರಿದವಳು ಆ ತಂಗಿಯೇ. ಅಕ್ಕ ಪ್ರಾಣಕ್ಕಿಂತ ಹೆಚ್ಚಾಗಿ ಮರಳಿ ನೆಲೆಗೊಳಿಸಿದ್ದ ಕ್ಯಾಥೊಲಿಕ್ ಧರ್ಮವ್ಯವಸ್ಥೆಯನ್ನು ಮರುವರ್ಷವೇ ಕಿತ್ತುಹಾಕಿದಳು. ಹೀಗಾಗಬಹುದೆಂಬ ಅಂದಾಜು ಮೇರಿಗೆ ಇರಲಿಲ್ಲವೆಂದು ನಾನು ನಂಬಲಾರೆ.